ಸಲಮಾಂಕದಿಂದ ಹಳದೀಪುರದವರೆಗೆ: ಅಂತ್ಯಕಾಲದ ಚಿಕಿತ್ಸೆಯ ನಿರ್ಧಾರ ಯಾರದು?

2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು ಒಂದು ಸುತ್ತೋಲೆಯನ್ನು ಹೊರಡಿಸಿತು. ಗುಣಮುಖರಾಗುವ ಭರವಸೆಯಿಲ್ಲದೆ ಯಂತ್ರಗಳ ನೆರವಿನಿಂದ ಉಸಿರಾಡುತ್ತಿರುವ ರೋಗಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿ, 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರುವುದು ಅದರ ಉದ್ದೇಶ. ಪತ್ರಿಕೆಗಳು ಅದಕ್ಕೆ ಕೊಟ್ಟ ತಲೆಬರಹ ಬಹುತೇಕ ಒಂದೇ: ಘನತೆಯಿಂದ ಸಾಯುವ ಹಕ್ಕು. ಆ ತಲೆಬರಹವನ್ನು ಓದಿದ ನಮ್ಮ ವಿಶ್ವಾಸಿಗಳಲ್ಲಿ ಅನೇಕರು ತಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಹೋಗಿ ಒಂದೇ ಪ್ರಶ್ನೆಯನ್ನು ಕೇಳಿದರು. ಸರ್ಕಾರ ದಯಾಮರಣಕ್ಕೆ ಒಪ್ಪಿಗೆ ಕೊಟ್ಟಿತೇ? ಜೀವಂತ ಉಯಿಲಿಗೆ ಸಹಿ ಹಾಕಿದರೆ ಪಾಪವೇ?

ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ, ನಾನು ವಾರಾಂತ್ಯದಲ್ಲಿ ಬಲಿಪೂಜೆಗೆ ಹೋಗುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರು ಮಡಿಸಿದ ಕಾಗದವೊಂದನ್ನು ಹಿಡಿದುಕೊಂಡು ಪೂಜಾವಸ್ತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತಮ್ಮನ್ನು ವೆಂಟಿಲೇಟರಿಗೆ ಹಾಕಬಾರದೆಂದು ಸ್ವಂತ ಕೈಯಲ್ಲಿ ಬರೆದಿದ್ದರು. "ಫಾದರ್, ಇದಕ್ಕೆ ಸಹಿ ಹಾಕಬಹುದೇ?" ಎಂದು ಕೇಳಿದರು. ನಾನು ಮುಂದಿನ ಪೂಜೆಗೆ ಹೊರಡುವ ಆತುರದಲ್ಲಿದ್ದೆ. "ಅದೆಲ್ಲ ಈಗ ಯಾಕಮ್ಮ, ದೇವರ ಮೇಲೆ ಭಾರ ಹಾಕಿ" ಎಂದೆ. ಮರುವರ್ಷ ಅವರು ಮೂರು ವಾರ ತೀವ್ರ ನಿಗಾ ಘಟಕದಲ್ಲಿದ್ದರು. ಇಬ್ಬರು ಮಕ್ಕಳ ನಡುವೆ ಒಮ್ಮತವಿರಲಿಲ್ಲ. ಇದ್ದ ಅರ್ಧ ಎಕರೆ ತೋಟ ಮಾರಾಟವಾಯಿತು. ಕೊನೆಯ ಅಭ್ಯಂಗವನ್ನು ನಾನೇ ಕೊಟ್ಟೆ. ಕೊಳವೆಗಳ ನಡುವೆ ಹಣೆಯನ್ನು ಹುಡುಕಿ ಎಣ್ಣೆ ಹಚ್ಚಬೇಕಾಯಿತು. ಸಹಿಯಿಲ್ಲದ ಆ ಕಾಗದ ಅವರ ಪ್ರಾರ್ಥನಾ ಪುಸ್ತಕದಲ್ಲಿ ಸಿಕ್ಕಿತು. ನೈತಿಕ ದೈವಶಾಸ್ತ್ರವನ್ನು ಬೋಧಿಸುವವನಾಗಿ ನಾನು ಅಂದು ಕೊಟ್ಟ ಉತ್ತರ ಭಕ್ತಿಯದ್ದೆಂದು ತೋರಬಹುದು. ಧರ್ಮಸಭೆಯ ಬೋಧನೆಯ ಉತ್ತರ ಅದಾಗಿರಲಿಲ್ಲ. ಆ ಬೋಧನೆ ಎಲ್ಲಿಂದ ಬಂತು, ರಾಜಕಾರಣದ ಧೂಳಿನಲ್ಲಿ ಹೇಗೆ ಮಸುಕಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡಬಯಸುತ್ತೇನೆ.

ಆಧುನಿಕ ನ್ಯಾಯಾಲಯಗಳು ಮುಂದೆ ಹೋದವು, ಧರ್ಮಸಭೆ ಒಲ್ಲದ ಮನಸ್ಸಿನಿಂದ ಹಿಂಬಾಲಿಸಿತು ಎಂಬ ಅಭಿಪ್ರಾಯ ನಮ್ಮ ವಿದ್ಯಾವಂತ ವಿಶ್ವಾಸಿಗಳಲ್ಲಿಯೂ ಇದೆ. ಇತಿಹಾಸ ಹೇಳುವುದು ಇದಕ್ಕೆ ವಿರುದ್ಧವಾದುದನ್ನು. 1526ರಿಂದ ಸ್ಪೇನಿನ ಸಲಮಾಂಕ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರದ ಪ್ರಧಾನ ಪೀಠದಲ್ಲಿದ್ದವರು ದೊಮಿನಿಕ್ ಸಭೆಯ ಫ್ರಾನ್ಸಿಸ್ಕೊ ದೆ ವಿತೋರಿಯ. ಅಮೆರಿಕ ಖಂಡದ ಮೂಲನಿವಾಸಿಗಳ ಹಕ್ಕುಗಳ ಪರವಾಗಿ ವಾದಿಸಿದವರೆಂದು ನಮ್ಮ ವಿದ್ಯಾರ್ಥಿಗಳು ಅವರನ್ನು ಬಲ್ಲರು. ಅದೇ ವಿತೋರಿಯ ನರಹತ್ಯೆಯ ಕುರಿತು, ಮಿತಾಹಾರದ ಕುರಿತು ನೀಡಿದ ಸಾರ್ವಜನಿಕ ಉಪನ್ಯಾಸಗಳಲ್ಲಿ ರೋಗಿಯ ಕರ್ತವ್ಯವೇನು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆತ್ಮಹತ್ಯೆ ಪಾಪವೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ. ಹಾಗಾದರೆ ಊಟವನ್ನು ಬಿಟ್ಟ ರೋಗಿ ಆತ್ಮಹತ್ಯೆ ಮಾಡಿಕೊಂಡಂತೆಯೇ?

ವಿತೋರಿಯ ಈ ಪ್ರಶ್ನೆಗೆ ಅಡುಗೆಮನೆಯ ಭಾಷೆಯಲ್ಲಿಯೇ ಉತ್ತರಿಸುತ್ತಾರೆ. ರೋಗದಿಂದ ಹಸಿವು ಸತ್ತುಹೋದವನಿಗೆ ತುತ್ತು ನುಂಗುವುದೇ ಚಿತ್ರಹಿಂಸೆಯಂತಾಗಿದ್ದರೆ, ಬದುಕುವ ಭರವಸೆಯೂ ಕಡಿಮೆಯಾಗಿದ್ದರೆ, ಅವನು ಉಣ್ಣದಿರುವುದು ಮಾರಕ ಪಾಪವಲ್ಲ. ವೈದ್ಯನು ಕೋಳಿಮಾಂಸವನ್ನೇ ತಿನ್ನು, ದುಬಾರಿ ಆಹಾರವನ್ನೇ ತಿನ್ನು ಎಂದು ಹೇಳಿದರೂ, ಅದರಿಂದ ಆಯಸ್ಸು ಹೆಚ್ಚುವುದೇ ನಿಜವಾದರೂ, ಸಾಧಾರಣ ಜನರು ಉಣ್ಣುವುದನ್ನು ಉಂಡವನು ತನ್ನ ಕರ್ತವ್ಯವನ್ನು ಪೂರೈಸಿದ್ದಾನೆ. ಪ್ರಾಣ ಉಳಿಸಿಕೊಳ್ಳಲು ತನ್ನ ಇಡೀ ಆಸ್ತಿಯನ್ನು ತೆರಬೇಕೆಂಬ ಕಟ್ಟಳೆಯೂ ಯಾರಿಗೂ ಇಲ್ಲ. ಈ ಮಾತುಗಳನ್ನು ಪುಸ್ತಕರೂಪದಲ್ಲಿ ಅಚ್ಚುಹಾಕಿಸಲು ವಿತೋರಿಯ ಉಳಿಯಲಿಲ್ಲ. ಅವರ ಉಪನ್ಯಾಸಗಳು ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳಿಂದ, ಅವರು ತೀರಿಕೊಂಡ ಹನ್ನೊಂದು ವರ್ಷಗಳ ನಂತರ, 1557ರಲ್ಲಿ ಪ್ರಕಟವಾದವು. ಕೊನೆಯ ವರ್ಷಗಳಲ್ಲಿ ಕೀಲುನೋವು ಅವರನ್ನು ಹಾಸಿಗೆ ಹಿಡಿಸಿತ್ತು. ತ್ರೆಂತಿನ ಮಹಾಸಭೆಗೆ ಆಹ್ವಾನ ಬಂದಾಗ ಪ್ರಯಾಣಕ್ಕೆ ದೇಹ ಒಪ್ಪುವುದಿಲ್ಲವೆಂದು ತಿಳಿಸಿದರು. ಹೊರೆ ಎಂಬ ಪದವನ್ನು ಅವರು ಪಾಠದ ಕೋಣೆಯಲ್ಲಿ ಮಾತ್ರ ಕಲಿತವರಲ್ಲ.

ಸಾಧಾರಣ ಸಾಧನ, ಅಸಾಧಾರಣ ಸಾಧನ ಎಂಬ ಪದಗಳನ್ನು ಈ ಚರ್ಚೆಯೊಳಗೆ ತಂದ ಕೀರ್ತಿ ಸಾಮಾನ್ಯವಾಗಿ ಅದೇ ಸಲಮಾಂಕದ ದೊಮಿಂಗೊ ಬಾನೆಸ್ ಅವರಿಗೆ ಸಲ್ಲುತ್ತದೆ. ಆವಿಲದ ಸಂತ ತೆರೇಸಮ್ಮನವರ ಪಾಪನಿವೇದನೆಯನ್ನು ಕೇಳುತ್ತಿದ್ದ ಗುರುಗಳು ಅವರು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಕೊಳೆತ ಕಾಲನ್ನು ಕತ್ತರಿಸುವುದೆಂದರೆ ಎಚ್ಚರವಿರುವ ಮನುಷ್ಯನ ಮೂಳೆಯನ್ನು ಗರಗಸದಿಂದ ಕೊಯ್ಯುವುದು. ಅಂಥ ನೋವನ್ನು ಸಹಿಸಿಯಾದರೂ ಬದುಕಬೇಕೆಂದು ದೇವರು ಯಾರನ್ನೂ ಕಟ್ಟಿಹಾಕಿಲ್ಲ ಎಂಬುದು ಆ ನೀತಿಶಾಸ್ತ್ರಜ್ಞರ ನಿಲುವು. ಪುರುಷ ವೈದ್ಯನ ಕೈಯಲ್ಲಿ ಚಿಕಿತ್ಸೆ ಪಡೆಯುವ ನಾಚಿಕೆ ಸಾವಿಗಿಂತ ಕಠೋರವೆಂದು ಭಾವಿಸುವ ಕನ್ಯೆಯನ್ನು ಬಲವಂತಪಡಿಸಲಾಗದು ಎಂದೂ ಅವರಲ್ಲಿ ಕೆಲವರು ಬರೆದರು. ಈ ಕೊನೆಯ ಉದಾಹರಣೆಗೆ ನನ್ನ ತರಗತಿಯಲ್ಲಿ ಪ್ರತಿವರ್ಷ ನಗು ಕೇಳಿಬರುತ್ತದೆ. ಆದರೆ ಅದರೊಳಗಿನ ತತ್ವ ನಗುವಂಥದ್ದಲ್ಲ. ಚಿಕಿತ್ಸೆಯ ಹೊರೆಯನ್ನು ಅಳೆಯುವ ತಕ್ಕಡಿ ವೈದ್ಯನ ಕೈಯಲ್ಲಿಲ್ಲ, ಅದನ್ನು ಹೊರಬೇಕಾದ ವ್ಯಕ್ತಿಯ ಕೈಯಲ್ಲಿದೆ ಎಂಬುದೇ ಆ ತತ್ವ.

ಯೇಸುಸಭೆಯ ಕಾರ್ಡಿನಲ್ ಹುವಾನ್ ದೆ ಲೂಗೊ 1642ರಲ್ಲಿ ಇನ್ನೊಂದು ಎಳೆಯನ್ನು ಸೇರಿಸಿದರು. ಬೆಂಕಿಯ ನಡುವೆ ಸಿಕ್ಕಿಕೊಂಡವನ ಬಳಿ ಸ್ವಲ್ಪ ನೀರಿದೆ. ಬೆಂಕಿಯನ್ನು ಪೂರ್ತಿ ಆರಿಸಲು ಅದು ಸಾಲದು, ಸಾವನ್ನು ಕೆಲವು ಗಳಿಗೆ ಮುಂದೂಡಲು ಮಾತ್ರ ಸಾಕು. ಆ ನೀರನ್ನು ಸುರಿಯುವ ಕರ್ತವ್ಯ ಅವನಿಗಿಲ್ಲ. ಪ್ರಯೋಜನವಿಲ್ಲದ ಚಿಕಿತ್ಸೆಯ ಕುರಿತು ಇಂದಿನ ವೈದ್ಯರು ಬರೆಯುವ ಉದ್ದುದ್ದ ಪ್ರಬಂಧಗಳ ತಿರುಳು ಈ ಒಂದು ಚಿತ್ರದಲ್ಲಿದೆ.

ಮುಂದಿನ ಮೂರು ಶತಮಾನಗಳನ್ನು ಬೇಗನೆ ದಾಟಬಹುದು, ಏಕೆಂದರೆ ಕೈಪಿಡಿಗಳು ಇವನ್ನೇ ಪುನರುಚ್ಚರಿಸಿದವು. ಬದಲಾದದ್ದು ವೈದ್ಯಶಾಸ್ತ್ರ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆದ ನಂತರ ಕಾಲು ಕತ್ತರಿಸುವುದು ಅಸಾಧಾರಣವೆಂಬ ಹಳೆಯ ಉದಾಹರಣೆ ಸಡಿಲವಾಯಿತು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಪಿಡುಗು ಹರಡಿದಾಗ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ರಂಧ್ರ ಕೊರೆದು ಶ್ವಾಸಕೋಶಕ್ಕೆ ಗಾಳಿಯೂದುವ ವಿಧಾನವನ್ನು ಬಳಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲವನ್ನು ಅದುಮುತ್ತ ರೋಗಿಗಳನ್ನು ಉಳಿಸಿದರು. ತೀವ್ರ ನಿಗಾ ಘಟಕ ಹುಟ್ಟಿದ್ದು ಹೀಗೆ. ಅದರೊಂದಿಗೆ ಹಿಂದೆಂದೂ ಇಲ್ಲದ ಸ್ಥಿತಿಯೊಂದೂ ಹುಟ್ಟಿತು: ಮರಳಿ ಎಚ್ಚರಗೊಳ್ಳದ ಮನುಷ್ಯನ ಎದೆಯನ್ನು ಯಂತ್ರವು ಏರಿಳಿಸುತ್ತಲೇ ಇರುವುದು.

ಇನ್ಸ್‌ಬ್ರುಕ್ಕಿನ ಅರಿವಳಿಕೆ ತಜ್ಞ ಬ್ರೂನೊ ಹೈಡ್ ಈ ಸ್ಥಿತಿಯ ಕುರಿತ ಪ್ರಶ್ನೆಗಳನ್ನು ನೇರವಾಗಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರ ಮುಂದಿಟ್ಟರು. 1957ರ ನವೆಂಬರ್ 24ರಂದು ಜಗದ್ಗುರುಗಳು ಕೊಟ್ಟ ಉತ್ತರ, ನನ್ನ ದೃಷ್ಟಿಯಲ್ಲಿ, ಜೀವಂತ ಉಯಿಲಿನ ಇತಿಹಾಸದ ನಿಜವಾದ ಮೊದಲ ಅಧ್ಯಾಯ. ಆ ಹೆಸರೇ ಆಗಿನ್ನೂ ಹುಟ್ಟಿರಲಿಲ್ಲ. ವ್ಯಕ್ತಿ, ಸ್ಥಳ, ಕಾಲ, ಸಂಸ್ಕೃತಿಗಳಿಗೆ ಅನುಗುಣವಾಗಿ ಸಾಧಾರಣವೆನಿಸುವ ಸಾಧನಗಳನ್ನು ಬಳಸುವುದಷ್ಟೇ ಕರ್ತವ್ಯ. ಅದಕ್ಕಿಂತ ಕಠಿಣವಾದುದನ್ನು ವಿಧಿಸಿದರೆ ಬಹುಪಾಲು ಜನರಿಗೆ ಅದು ಹೊರಲಾರದ ಭಾರವಾಗುತ್ತದೆ ಎಂದು ಅವರು ಬೋಧಿಸಿದರು. ವಿತೋರಿಯ ಆಡಿದ್ದ ಮಾತೇ ಅದು. ಅದರ ಜೊತೆಗೆ ಇನ್ನೊಂದನ್ನೂ ಹೇಳಿದರು, ನಾವು ಅದನ್ನು ಮರೆತಿದ್ದೇವೆ. ವೈದ್ಯನಿಗೆ ರೋಗಿಯಿಂದ ಬೇರೆಯಾದ ಸ್ವತಂತ್ರ ಅಧಿಕಾರವಿಲ್ಲ. ರೋಗಿಯು ಸ್ಪಷ್ಟವಾಗಿ ಅಥವಾ ಸೂಚ್ಯವಾಗಿ ಅನುಮತಿ ಕೊಟ್ಟಲ್ಲಿ ಮಾತ್ರ ಅವನು ಕೈಯಿಡಬಲ್ಲನು. ಪ್ರಜ್ಞೆಯಿಲ್ಲದ ರೋಗಿಯ ವಿಷಯದಲ್ಲಿ ಕುಟುಂಬದವರ ಕರ್ತವ್ಯವು ಆ ರೋಗಿಯ ಊಹಿಸಬಹುದಾದ ಇಚ್ಛೆಯನ್ನು ಅವಲಂಬಿಸಿದೆ. ಊಹಿಸಬಹುದಾದ ಇಚ್ಛೆಗೇ ಇಷ್ಟು ತೂಕವಿದ್ದರೆ, ಬರೆದಿಟ್ಟ ಇಚ್ಛೆಗೆ ಅದಕ್ಕಿಂತ ಕಡಿಮೆ ತೂಕ ಇರಲು ಹೇಗೆ ಸಾಧ್ಯ?

ಹಾಗಿದ್ದೂ ಆ ಬರಹ ನಮ್ಮಲ್ಲಿ ಸಂಶಯದ ವಸ್ತುವಾದದ್ದೇಕೆ? ಅದು ಹುಟ್ಟಿದ ಮನೆ ಇದಕ್ಕೆ ಒಂದು ಕಾರಣ. 1969ರಲ್ಲಿ ಷಿಕಾಗೊದ ವಕೀಲ ಲೂಯಿಸ್ ಕುಟ್ನರ್ ಇಂಡಿಯಾನ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಲಿವಿಂಗ್ ವಿಲ್ ಎಂಬ ಪ್ರಸ್ತಾವನೆಯನ್ನು ಮಂಡಿಸಿದಾಗ, ಆ ಲೇಖನದ ಶೀರ್ಷಿಕೆಯಲ್ಲಿಯೇ ದಯಾಮರಣ ಎಂಬ ಪದವಿತ್ತು. ಅದರ ನಮೂನೆಗಳನ್ನು ಹಂಚಿದವರು ದಯಾಮರಣವನ್ನು ಬೆಂಬಲಿಸುತ್ತಿದ್ದ ಸಂಘದವರು. ಕಥೋಲಿಕರ ಅನುಮಾನ ಸಹಜವಾಗಿತ್ತು. ಆದರೂ ಅಮೆರಿಕದ ಕಥೋಲಿಕ ಆಸ್ಪತ್ರೆಗಳ ಸಂಘವು 1974ರಲ್ಲಿಯೇ, ಪುನರುತ್ಥಾನದ ನಂಬಿಕೆಯನ್ನು ಸಾರುತ್ತ ಅಸಾಧಾರಣ ಸಾಧನಗಳನ್ನು ಬೇಡವೆನ್ನುವ ತನ್ನದೇ ಒಂದು ಪತ್ರವನ್ನು ಅಂಗೀಕರಿಸಿತು. ಈ ಪತ್ರ ನಮ್ಮ ಗುರುವಿದ್ಯಾಲಯಗಳಲ್ಲಿ ಹೆಚ್ಚು ಪ್ರಸಿದ್ಧವಾಗಲಿಲ್ಲ. ಪ್ರಸಿದ್ಧವಾದದ್ದು ನ್ಯಾಯಾಲಯಗಳ ಜಗಳ.

1975ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ 21 ವರ್ಷದ ಕರೆನ್ ಆನ್ ಕ್ವಿನ್ಲನ್ ಪ್ರಜ್ಞೆ ತಪ್ಪಿದಳು. ತಂದೆತಾಯಿ ಶ್ರದ್ಧಾವಂತ ಕಥೋಲಿಕರು. ಉಸಿರಾಟದ ಯಂತ್ರವನ್ನು ತೆಗೆಯಬಹುದೇ ಎಂದು ಅವರು ಮೊದಲು ಕೇಳಿದ್ದು ವಕೀಲರನ್ನಲ್ಲ, ತಮ್ಮ ಧರ್ಮಕೇಂದ್ರದ ಗುರುಗಳನ್ನು. ಆ ಗುರುಗಳು ಹನ್ನೆರಡನೇ ಪಿಯುಸರ ಬೋಧನೆಯನ್ನು ವಿವರಿಸಿ, ಅದು ಪಾಪವಲ್ಲವೆಂದು ತಿಳಿಸಿದರು. ಆ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾದ ಲಾರೆನ್ಸ್ ಕೇಸಿ ಅದೇ ಬೋಧನೆಯನ್ನು ಲಿಖಿತವಾಗಿ ಕೊಟ್ಟರು. 1976ರ ಮಾರ್ಚ್ 31ರ ತೀರ್ಪಿನಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು ಆ ಹೇಳಿಕೆಯನ್ನು ಉದ್ಧರಿಸಿತು. ಯಂತ್ರವನ್ನು ತೆಗೆದ ಮೇಲೂ ಕರೆನ್ ಉಸಿರಾಡುತ್ತ 1985ರವರೆಗೆ ಬದುಕಿದಳು. ಕೊಳವೆಯ ಮೂಲಕ ಕೊಡುತ್ತಿದ್ದ ಆಹಾರವನ್ನು ನಿಲ್ಲಿಸಿರೆಂದು ಆ ತಂದೆತಾಯಿ ಎಂದೂ ಕೇಳಲಿಲ್ಲ. ದೈವಶಾಸ್ತ್ರದ ಪುಸ್ತಕ ಓದದ ಒಂದು ಕುಟುಂಬ ಹೊರೆಗೂ ಆರೈಕೆಗೂ ಇರುವ ಗೆರೆಯನ್ನು ತಾನೇ ಎಳೆದುಕೊಂಡಿತು. ವಿಶ್ವಾಸತತ್ವ ಪರಿಷತ್ತು 1980ರ ಮೇ 5ರ ಘೋಷಣೆಯಲ್ಲಿ, ಸಾವು ಸಮೀಪಿಸಿದಾಗ ಬದುಕನ್ನು ಹೊರೆಯಾಗಿ ಎಳೆಯುವ ಚಿಕಿತ್ಸೆಯನ್ನು ಆತ್ಮಸಾಕ್ಷಿಯಿಂದ ನಿರಾಕರಿಸಬಹುದು, ಆದರೆ ರೋಗಿಗೆ ಸಲ್ಲಬೇಕಾದ ಸಾಮಾನ್ಯ ಆರೈಕೆಯನ್ನು ನಿಲ್ಲಿಸಲಾಗದು ಎಂದು ಬರೆದಾಗ ಅದು ಈ ಕುಟುಂಬದ ನಡೆಗೆ ಭಾಷ್ಯ ಬರೆದಂತಿತ್ತು.

ಗೆರೆ ತೊಡಕಾದದ್ದು ಆಹಾರದ ಕೊಳವೆಯ ವಿಷಯದಲ್ಲಿ. 2004ರ ಮಾರ್ಚ್ 20ರಂದು ಜಗದ್ಗುರು ಎರಡನೇ ಜಾನ್ ಪಾಲರು, ಕೃತಕವಾಗಿ ಕೊಟ್ಟರೂ ಅನ್ನನೀರು ಚಿಕಿತ್ಸೆಯಲ್ಲ, ಆರೈಕೆ. ತತ್ವತಃ ಅದು ಸಾಧಾರಣ ಸಾಧನವೆಂದು ಬೋಧಿಸಿದರು. 2007ರಲ್ಲಿ ವಿಶ್ವಾಸತತ್ವ ಪರಿಷತ್ತು ಅದನ್ನು ದೃಢಪಡಿಸಿತು. ದೇಹವು ಆಹಾರವನ್ನು ಅರಗಿಸಿಕೊಳ್ಳಲಾರದ ಹಂತದಲ್ಲಿ ಈ ಕರ್ತವ್ಯ ಉಳಿಯುವುದಿಲ್ಲವೆಂಬುದೂ ಬೋಧನೆಯ ಭಾಗವೇ. ಉಣ್ಣಲಾರದ ರೋಗಿಯ ಕುರಿತು ವಿತೋರಿಯ ಹೇಳಿದ್ದಕ್ಕೂ ಇದಕ್ಕೂ ಇರುವ ಸಂಬಂಧವನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ವಿತೋರಿಯರ ರೋಗಿಗೆ ಪ್ರಜ್ಞೆಯಿತ್ತು, ತುತ್ತೇ ಅವನಿಗೆ ಯಾತನೆಯಾಗಿತ್ತು. ಜಾನ್ ಪಾಲರ ಮನಸ್ಸಿನಲ್ಲಿದ್ದ ರೋಗಿ ಯಾತನೆಯನ್ನು ಹೇಳಲಾರದವನು, ಪರರು ಅವನನ್ನು ತರಕಾರಿಯೆಂದು ಕರೆದು ಕೈಬಿಡಬಹುದಾದವನು. ಈ ಎರಡು ಬೋಧನೆಗಳು ಒಂದನ್ನೊಂದು ಅಲ್ಲಗಳೆಯುತ್ತವೆಂದು ನಾನು ತಿಳಿಯುವುದಿಲ್ಲ. ಅವು ಎರಡು ಬೇರೆ ಅಪಾಯಗಳ ವಿರುದ್ಧ ಆಡಿದ ಮಾತುಗಳು.

ಒಂದೇ ವರ್ಷದಲ್ಲಿ ಆ ಬೋಧನೆ ರಾಜಕಾರಣದ ಬೀದಿಗೆ ಬಿತ್ತು. ಫ್ಲಾರಿಡದ ಟೆರಿ ಶಾಯ್ವೊ 1990ರಿಂದ ಪ್ರಜ್ಞಾಹೀನಳು, ಏನನ್ನೂ ಬರೆದಿಟ್ಟಿರಲಿಲ್ಲ, ಅವಳ ಇಚ್ಛೆ ಏನಾಗಿತ್ತೆಂಬುದರ ಬಗ್ಗೆ ಗಂಡನದು ಒಂದು ಮಾತು, ತಂದೆತಾಯಿಯದು ಇನ್ನೊಂದು. 2005ರ ಮಾರ್ಚ್ 18ರಂದು ಆಹಾರದ ಕೊಳವೆಯನ್ನು ತೆಗೆದಾಗ ಅಮೆರಿಕದ ಸಂಸತ್ತು ಅವಳೊಬ್ಬಳಿಗಾಗಿ ವಿಶೇಷ ಕಾನೂನು ಮಾಡಿತು. ಅಧ್ಯಕ್ಷ ಬುಷ್ ರಜೆ ಮೊಟಕುಗೊಳಿಸಿ ಹಾರಿಬಂದು ನಡುರಾತ್ರಿ ದಾಟಿದ ಮೇಲೆ ಸಹಿ ಹಾಕಿದರು. ಮಾರ್ಚ್ 31ರಂದು ಅವಳು ತೀರಿಕೊಂಡಳು. ಎರಡು ದಿನಗಳ ನಂತರ, ಏಪ್ರಿಲ್ 2ರಂದು, ಜಾನ್ ಪಾಲರು ತೀರಿಕೊಂಡರು. ಅವರಿಗೂ ಮೂಗಿನ ಮೂಲಕ ಆಹಾರದ ಕೊಳವೆ ಹಾಕಲಾಗಿತ್ತು. ಆದರೆ ಸ್ಥಿತಿ ಬಿಗಡಾಯಿಸಿದಾಗ ಜೆಮೆಲ್ಲಿ ಆಸ್ಪತ್ರೆಗೆ ಮತ್ತೆ ಹೋಗದೆ ತಮ್ಮ ಕೋಣೆಯಲ್ಲಿಯೇ ಉಳಿಯಲು ಬಯಸಿದರು. ಆರೈಕೆಯನ್ನು ಸ್ವೀಕರಿಸಿ ಆಸ್ಪತ್ರೆಯನ್ನು ಬೇಡವೆಂದ ಆ ಮರಣವನ್ನು ಯಾವ ಪಕ್ಷವೂ ತನ್ನ ಬಾವುಟಕ್ಕೆ ಕಟ್ಟಿಕೊಳ್ಳಲಾಗಲಿಲ್ಲ.

ಅಂಥದ್ದೇ ಇನ್ನೊಂದು ಜಗಳವನ್ನು ನಾನು ಹತ್ತಿರದಿಂದ ಕಂಡೆ. 2009ರ ಫೆಬ್ರವರಿಯಲ್ಲಿ ನಾನು ರೋಮಿನಲ್ಲಿ ಲೈಸೆನ್ಷಿಯೇಟ್ ವಿದ್ಯಾರ್ಥಿ. 1992ರ ಅಪಘಾತದಿಂದ ಪ್ರಜ್ಞಾಹೀನಳಾಗಿದ್ದ ಎಲುವಾನ ಎಂಗ್ಲಾರೊಳ ಕೊಳವೆಯನ್ನು ತೆಗೆಯಲು ನ್ಯಾಯಾಲಯ ತಂದೆಗೆ ಅನುಮತಿ ಕೊಟ್ಟಿತ್ತು. ಅದನ್ನು ತಡೆಯಲು ಬೆರ್ಲುಸ್ಕೋನಿ ಸರ್ಕಾರ ತಂದ ಸುಗ್ರೀವಾಜ್ಞೆಗೆ ರಾಷ್ಟ್ರಪತಿ ನಪೊಲಿತಾನೊ ಸಹಿ ಹಾಕಲಿಲ್ಲ. ಫೆಬ್ರವರಿ 9ರ ರಾತ್ರಿ ಸೆನೆಟ್ ಮಸೂದೆಯನ್ನು ಚರ್ಚಿಸುತ್ತಿದ್ದಾಗಲೇ ಅವಳ ಸಾವಿನ ಸುದ್ದಿ ಬಂತು. ಸಭೆಯಲ್ಲಿ ಪರಸ್ಪರ ಕೊಲೆಗಾರರೆಂಬ ಕೂಗೆದ್ದಿತು. ನಮ್ಮ ಊಟದ ಮನೆಯ ದೂರದರ್ಶನದ ಮುಂದೆ ನಿಂತು ಅದನ್ನು ನೋಡಿದ ನೆನಪು ಮಾಸಿಲ್ಲ. ಅವಳನ್ನು ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಲೆಕ್ಕೊ ನಗರದಲ್ಲಿ ನೋಡಿಕೊಂಡ ಕನ್ಯಾಸ್ತ್ರೀಯರು, ಅವಳನ್ನು ನಮ್ಮ ಬಳಿಯೇ ಬಿಡಿ ಎಂದಷ್ಟೇ ಕೇಳಿದ್ದರು. ಆ ಕೂಗಿನಲ್ಲಿ ಅವರ ದನಿ ಕೇಳಿಸಲಿಲ್ಲ. ಕೊನೆಗೆ ಇಟಲಿ 2017ರ ಡಿಸೆಂಬರಿನಲ್ಲಿ ಮುಂಗಡ ನಿರ್ದೇಶನಗಳ ಕಾನೂನನ್ನು ಮಾಡಿತು. ಅದಕ್ಕೆ ಒಂದು ತಿಂಗಳ ಮುಂಚೆ ಜಗದ್ಗುರು ಫ್ರಾನ್ಸಿಸರು ವೈದ್ಯರ ಸಮಾವೇಶವೊಂದಕ್ಕೆ ಕಳುಹಿಸಿದ ಸಂದೇಶದಲ್ಲಿ 60 ವರ್ಷಗಳ ಹಿಂದಿನ ಹನ್ನೆರಡನೇ ಪಿಯುಸರನ್ನೇ ಸ್ಮರಿಸಿದ್ದರು.

ನಮ್ಮ ದೇಶದ ಕತೆ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಆರಂಭವಾಗುತ್ತದೆ. ಅಲ್ಲಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬನ ಅಮಾನುಷ ದಾಳಿಗೆ ತುತ್ತಾದರು. ನಂತರದ 41 ವರ್ಷಗಳನ್ನು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದರು. ಅವರಿಗೆ ಆಹಾರವನ್ನು ನಿಲ್ಲಿಸಿ ಸಾವಿಗೆ ಅವಕಾಶ ಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಪೀಳಿಗೆಯಿಂದ ಪೀಳಿಗೆಗೆ ಅವರನ್ನು ನೋಡಿಕೊಂಡ ದಾದಿಯರು ಒಪ್ಪಲಿಲ್ಲ. ಇಷ್ಟು ವರ್ಷಗಳಲ್ಲಿ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲವೆಂಬುದು ನ್ಯಾಯಾಲಯದ ಗಮನಕ್ಕೆ ಬಂತು. 2011ರ ಮಾರ್ಚ್ 7ರ ತೀರ್ಪು ಅರ್ಜಿಯನ್ನು ತಳ್ಳಿಹಾಕಿತು. ಅರುಣಾರ ಪರವಾಗಿ ಮಾತನಾಡುವ ಹಕ್ಕು ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದೆಂದು ಹೇಳಿತು. ಆದರೆ ಅದೇ ತೀರ್ಪು, ಹೈಕೋರ್ಟಿನ ಅನುಮತಿಯೊಂದಿಗೆ ನಿಷ್ಕ್ರಿಯ ದಯಾಮರಣಕ್ಕೆ ಅವಕಾಶವಿದೆಯೆಂದೂ ಹೇಳಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ನನ್ನ ತಕರಾರು ಆ ಪದದ ಮೇಲೆ. ಯಂತ್ರವನ್ನು ಬೇಡವೆನ್ನುವುದನ್ನೂ ಆಹಾರ ನಿಲ್ಲಿಸಿ ಕೊಲ್ಲುವುದನ್ನೂ ನಿಷ್ಕ್ರಿಯ ದಯಾಮರಣ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ, ನಾನೂರು ವರ್ಷ ಪಾಪವಲ್ಲವೆಂದು ನಾವು ಬೋಧಿಸಿದ್ದು ಕೊಲೆಯ ಹೆಸರನ್ನು ಹೊತ್ತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ 2018ರ ತನ್ನ ಪದವಿವರಣೆಯಲ್ಲಿ ಆ ಪದವನ್ನು ಬಿಡಬೇಕೆಂದಿತು. ಆದರೆ ಅದೇ ವರ್ಷ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಕಾಮನ್ ಕಾಸ್ ಸಂಸ್ಥೆಯ ಅರ್ಜಿಯಲ್ಲಿ ಜೀವಂತ ಉಯಿಲಿಗೆ ಮಾನ್ಯತೆ ಕೊಟ್ಟಾಗ ಆ ಪದ ಉಳಿದೇ ಇತ್ತು. ಶ್ರವಣಬೆಳಗೊಳದ ನಿಸಿಧಿಗಲ್ಲುಗಳನ್ನು ನೋಡಿ ಬಂದ ವಿದ್ಯಾರ್ಥಿಯೊಬ್ಬ, ಸಲ್ಲೇಖನವೂ ಇದೂ ಒಂದೇ ಅಲ್ಲವೇ ಎಂದು ಕೇಳಿದ. ಅಲ್ಲ, ಅದು ಜೈನ ಸಹೋದರರಿಗೆ ಒಂದು ವ್ರತ, ತಪಸ್ಸಿನ ಪೂರ್ಣಾಹುತಿ. ಇಲ್ಲಿ ಉಪವಾಸದ ಸಂಕಲ್ಪವಿಲ್ಲ, ಹೊರಲಾರದ ಹೊರೆಯನ್ನು ಇಳಿಸುವ ಅನುಮತಿ ಮಾತ್ರ ಇದೆ. ಎರಡನ್ನೂ ಆತ್ಮಹತ್ಯೆಯೆಂದು ಕರೆಯುವವರಿಗೆ ಎರಡೂ ಅರ್ಥವಾಗಿಲ್ಲ.

2018ರ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ ಉಯಿಲಿಗೆ ನ್ಯಾಯಾಧೀಶರ ಮೇಲುಸಹಿ ಬೇಕಿತ್ತು. 2023ರ ಜನವರಿ 24ರ ಆದೇಶ ಅದನ್ನು ಇಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಚಿಕಿತ್ಸೆ ನಿಲ್ಲಿಸುವ ಮುನ್ನ ಆಸ್ಪತ್ರೆಯೊಳಗೆ ಎರಡು ವೈದ್ಯಮಂಡಳಿಗಳ ಅಭಿಪ್ರಾಯ, ಸಾಧ್ಯವಾದಷ್ಟೂ 48 ಗಂಟೆಗಳೊಳಗೆ. ಎರಡನೆಯ ಮಂಡಳಿಗೆ ವೈದ್ಯರನ್ನು ನಾಮನಿರ್ದೇಶನ ಮಾಡುವ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ವಹಿಸಿದ್ದೇ ಕರ್ನಾಟಕದ ಸುತ್ತೋಲೆಯ ಮುಖ್ಯ ಕೆಲಸ. ಇದರಲ್ಲಿ ನಮ್ಮ ಬೋಧನೆಗೆ ವಿರುದ್ಧವಾದುದು ತಾನಾಗಿಯೇ ಏನೂ ಇಲ್ಲ. ಉಯಿಲಿನಲ್ಲಿ ಬರೆಯುವುದೇನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ವೆಂಟಿಲೇಟರ್ ಬೇಡ, ಎದೆಯೊತ್ತುವುದು ಬೇಡ, ನೋವುಶಮನ ಬೇಕು, ಅರಗುವವರೆಗೆ ಅನ್ನನೀರು ಬೇಕು, ಗುರುಗಳನ್ನು ಕರೆಸಬೇಕು ಎಂದು ಕಥೋಲಿಕನೊಬ್ಬ ನಿಶ್ಚಿಂತೆಯಿಂದ ಬರೆಯಬಹುದು. ನನಗಿರುವ ಭಯ ಬೇರೆ. ಹಣವಿಲ್ಲದ ಮನೆಯ ಮುದುಕಿ, ಮಕ್ಕಳಿಗೆ ಹೊರೆಯಾಗಬಾರದೆಂದು, ಗುಣವಾಗಬಹುದಾದ ಕಾಯಿಲೆಯಲ್ಲಿಯೂ ಬೇಡವೆಂದು ಬರೆದುಬಿಡಬಹುದು. ವಿತೋರಿಯರು ಆಸ್ತಿಯನ್ನು ತೆರಬೇಕಿಲ್ಲವೆಂದದ್ದು ಬಡವರಿಗೆ ಕೊಟ್ಟ ಬಿಡುಗಡೆ. ಚಿಕಿತ್ಸೆಯ ವೆಚ್ಚವನ್ನು ಹಂಚಿಕೊಳ್ಳಲು ಒಲ್ಲದ ಸಮಾಜ ಅದನ್ನೇ ಬಡವರ ಮೇಲಿನ ಒತ್ತಾಯವಾಗಿ ಮಾರ್ಪಡಿಸಬಲ್ಲದು.

ಸುತ್ತೋಲೆ ಬಂದ ನಂತರ ಒಬ್ಬ ಹಿರಿಯ ಉಪದೇಶಿಯವರು ನನ್ನ ಬಳಿ ಬಂದರು. ಈ ಸಲ ನಾನು ಅವಸರಪಡಲಿಲ್ಲ. ಎರಡು ಸಂಜೆ ಕುಳಿತು, ಅವರ ಮಗಳನ್ನೂ ಕರೆಸಿಕೊಂಡು, ಒಂದೂವರೆ ಪುಟ ಬರೆದೆವು. ತಾಲ್ಲೂಕು ಕೇಂದ್ರದ ನೋಟರಿಯ ಬಳಿಗೆ ಅವರ ಜೊತೆ ನಾನೂ ಹೋದೆ. ಆತ ತಲೆಬರಹವನ್ನು ಓದಿ, ಹಾಳೆ ತಿರುವಿ ಹಿಂದೆಮುಂದೆ ನೋಡಿ, "ಉಯಿಲು ಅಂತೀರಿ, ಆಸ್ತಿ ವಿವರವೇ ಇಲ್ಲವಲ್ಲ ಫಾದರ್, ಸರ್ವೆ ನಂಬರ್ ಎಲ್ಲಿ?" ಎಂದು ಕೇಳಿದರು. ಉಪದೇಶಿಯವರು ಎದೆಯ ಮೇಲೆ ಕೈಯಿಟ್ಟು, "ಆಸ್ತಿ ಇದೇ ಸ್ವಾಮಿ" ಎಂದರು. ನೋಟರಿ ಇನ್ನೊಮ್ಮೆ ಮೊದಲಿಂದ ಓದಿ, ಮುದ್ರೆಯನ್ನು ಹತ್ತಿರಕ್ಕೆಳೆದುಕೊಂಡರು.